ಆರು ತಂಡ, ಒಂದು ಸ್ಟೇಜು, ನಡುವೆ ಐದು ಬಿಡುವು

ನಿನ್ನೆ ಮಧ್ಯಾಹ್ನ ಕೊನೆಯ ಲಾರಿ ಹೊರಟಿತು. ನಾಲ್ಕು ತಿಂಗಳಿಂದ ತಲೆ ತಿನ್ನುತ್ತಿದ್ದ ಬಯಲು ಸಂಗೀತ ಕಾರ್ಯಕ್ರಮ ಅಂತೂ ಮುಗಿಯಿತು. ಕಾಲು ಇನ್ನೂ ಊದಿಕೊಂಡಿದೆ, ಗಂಟಲು ಬಿದ್ದುಹೋಗಿದೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಯಾರಾದರೂ ಇಷ್ಟು ಹೇಳಿದ್ದಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಇದಕ್ಕೆ ಮುಂಚೆ ನಾನು ನಡೆಸಿದ್ದೆಲ್ಲ ಸಭಾಂಗಣದೊಳಗಿನ ಕಛೇರಿಗಳು. ಒಂದು ತಂಡ, ನಾಲ್ಕೈದು ಮೈಕು, ಎರಡೂವರೆ ಗಂಟೆ. ಈ ಸಲ ಆರು ತಂಡ: ವಾದ್ಯವಿಲ್ಲದೆ ಹಾಡುವ ಪಾಶ್ಚಾತ್ಯ ವೃಂದಗಾನದವರು, ಸಿತಾರ್ ಮತ್ತು ತಬಲಾ, ಪಿಟೀಲು ಮೃದಂಗ ಘಟದ ಜೊತೆ ಕರ್ನಾಟಕ ಗಾಯನ, ಜನಪದ ಗಾಯಕರು, ಜಾಝ್ ಚತುಷ್ಕ (ನಾಲ್ವರ ತಂಡ), ರಾಕ್ ಬ್ಯಾಂಡ್. ಕೊನೆಗೆ ಪ್ರತಿ ತಂಡದಿಂದ ಒಬ್ಬಿಬ್ಬರು ಸೇರಿ ಇಪ್ಪತ್ತು ನಿಮಿಷದ ಸಮಾಪನ. ಇಷ್ಟೆಲ್ಲ ಒಂದೇ ಸಂಜೆಗೆ ಹೊಂದುತ್ತದೋ ಇಲ್ಲವೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಹೊಂದಿತು, ಅದರಲ್ಲಿ ಕಷ್ಟವೇನೂ ಇರಲಿಲ್ಲ. ನನ್ನನ್ನು ಹಣ್ಣು ಮಾಡಿದ್ದು ಒಂದು ತಂಡ ಎದ್ದು ಇನ್ನೊಂದು ತಂಡ ಕೂರುವ ನಡುವಿನ ಆ ಹತ್ತು ನಿಮಿಷ.

ಮೊದಲ ಪಾಠ ಸೌಂಡ್ ಎಂಜಿನಿಯರ್ ಹತ್ತಿರ ಆಯಿತು. ಅನುಮತಿ ಸಂಜೆ 5ರಿಂದ ರಾತ್ರಿ 10ರವರೆಗೆ, ಅಂದರೆ 300 ನಿಮಿಷ. ನಾನು ಒಂದೊಂದು ತಂಡಕ್ಕೆ 40 ನಿಮಿಷ ಕೊಟ್ಟು, ನಡುವಿನ ಐದು ಬಿಡುವಿಗೆ ತಲಾ 5 ನಿಮಿಷ ಬರೆದು, ಸಮಾಪನವೂ ಸೇರಿ 285 ನಿಮಿಷಕ್ಕೆ ಮುಗಿಸಿದ್ದೆ. ಚೀಟಿ ನೋಡಿ ಅವರು ಜೋರಾಗಿ ನಗಲಿಲ್ಲ, ಆದರೆ ಪೆನ್ನು ತಗೊಂಡರು.

“ಸರ್, ಸಿತಾರ್ ಇಳಿದ ಮೇಲೆ ಈ ಕರ್ನಾಟಕ ಗಾಯನದವರು ಕೂರಬೇಕು. ಜಮಖಾನೆ ಸರಿಸಬೇಕು, ಮೈಕು ತಗ್ಗಿಸಬೇಕು, ಒಂದೊಂದು ಮೈಕಿನ ಲೈನ್ ಬರ್ತಿದೆಯಾ ನೋಡಬೇಕು, ಅವರ ಕಡೆ ತಿರುಗಿಸಿಟ್ಟ ಸ್ಪೀಕರ್, ಅದೇ ಮಾನಿಟರ್, ಅದರಲ್ಲಿ ಶ್ರುತಿ ಕೇಳಿಸಬೇಕು. ಐದು ನಿಮಿಷಕ್ಕೆ ಆಗೋದಾ? ಇಪ್ಪತ್ತು ಅಂತ ಬರ್ಕೊಳ್ಳಿ.”

ಐದು ಬಿಡುವಿಗೆ ಇಪ್ಪತ್ತಿಪ್ಪತ್ತು ಅಂದರೆ ನೂರು ನಿಮಿಷ, ಸಂಜೆಯ ಮೂರನೇ ಒಂದು ಪಾಲು. ಆಗ ತಂಡಕ್ಕೆ ಉಳಿಯುವುದು ಅರ್ಧರ್ಧ ಗಂಟೆ ಮಾತ್ರ. ಆಲಾಪನೆ ಕಾವೇರುವ ಹೊತ್ತಿಗೆ ಎದ್ದು ಹೋಗಿ ಅಂದಹಾಗೆ.

ಇದಕ್ಕೆ ಅವರೇ ಕೊಟ್ಟ ದಾರಿ ಹೀಗಿತ್ತು. ಡ್ರಮ್ಸ್ ಸೆಟ್ಟನ್ನು ಚಕ್ರ ಇರುವ ಹಲಗೆಯ ಮೇಲೆ ಮೈಕುಗಳ ಸಮೇತ ಮೊದಲೇ ಜೋಡಿಸಿ ಹಿಂದೆ ನಿಲ್ಲಿಸುವುದು. ಸರದಿ ಬಂದಾಗ ಮುಂದಕ್ಕೆ ತಳ್ಳಿದರೆ ಆಯಿತು. ನೆಲದ ಮೇಲೆ ಕೂರುವವರಿಗೆ ಬೇರೆ ಹಲಗೆ. ಜಾಝ್‌ನವರೂ ರಾಕ್‌ನವರೂ ಒಂದೇ ಡ್ರಮ್ಸ್ ಬಳಸುವುದು, ಸಿಂಬಲ್ (ಲೋಹದ ತಟ್ಟೆ) ಮತ್ತು ಸ್ನೇರ್ (ಸಣ್ಣ ಡ್ರಮ್) ಮಾತ್ರ ಅವರವರದು. ಮುಂದಿನ ತಂಡದ ಲೈನುಗಳನ್ನು ಹಿಂದಿನವರು ನುಡಿಸುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಪರೀಕ್ಷಿಸುವುದು. ಇಷ್ಟಾದರೆ ಬಿಡುವು 10 ನಿಮಿಷಕ್ಕೆ ಇಳಿಯುತ್ತದೆ, ತಂಡಕ್ಕೆ 35 ನಿಮಿಷ ಸಿಗುತ್ತದೆ, ಕೈಯಲ್ಲಿ 20 ನಿಮಿಷ ಉಳಿಯುತ್ತದೆ. ಆ 20 ನಿಮಿಷ ನಮ್ಮನ್ನು ಹೇಗೆ ಕಾಪಾಡಿತು ಅನ್ನುವುದು ಮುಂದೆ ಬರುತ್ತದೆ. 1985ರ ಜುಲೈ 13ರಂದು ನಡೆದ ಲೈವ್ ಏಡ್ ಅನ್ನುವ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ತಿರುಗುವ ಸ್ಟೇಜನ್ನೇ ಕಟ್ಟಿದ್ದರು, ಒಂದು ಕಡೆ ಹಾಡುತ್ತಿದ್ದರೆ ಹಿಂದೆ ಇನ್ನೊಂದು ತಂಡ ಜೋಡಣೆ ಮಾಡಿಕೊಳ್ಳಲಿ ಅಂತ. ನಮಗೆ ಚಕ್ರದ ಹಲಗೆಯೇ ಗತಿ.

ಇನ್ನು ಕಾಗದಪತ್ರ. ಇಲಾಖೆಗಳ ಹೆಸರು ಊರಿಂದೂರಿಗೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: ಜಾಗ ಯಾರದು, ಎಷ್ಟು ಜನ ಬರುತ್ತಾರೆ, ಬೆಂಕಿ ಬಿದ್ದರೆ ಎಲ್ಲಿಂದ ಓಡುತ್ತಾರೆ, ಕರೆಂಟ್ ಎಲ್ಲಿಂದ, ಸದ್ದು ಎಷ್ಟು, ಯಾವಾಗ ನಿಲ್ಲಿಸುತ್ತೀರಿ. ನಾನು ಮಾಡಿದ ತಪ್ಪು ಇವನ್ನೆಲ್ಲ ಒಟ್ಟೊಟ್ಟಿಗೆ ಅರ್ಜಿ ಹಾಕಿದ್ದು. ಪ್ರತಿಯೊಂದು ಕಚೇರಿಯೂ ಇನ್ನೊಂದು ಕಚೇರಿಯ ಪತ್ರ ಕೇಳಿತು. ಹನ್ನೊಂದು ದಿನ ಸುಮ್ಮನೆ ಹೋಯಿತು. ಮೊದಲು ಜಾಗದ ಒಪ್ಪಿಗೆ ಪತ್ರ, ಆಮೇಲೆ ಅಳತೆ ಹಾಕಿದ ನಕ್ಷೆ (ಸ್ಟೇಜು, ಜನರೇಟರ್, ಹೊರಹೋಗುವ ದಾರಿ, ಆಂಬುಲೆನ್ಸ್ ನಿಲ್ಲುವ ಜಾಗ), ಆಮೇಲೆ ಉಳಿದದ್ದು. ಆ ನಕ್ಷೆಯ ಇಪ್ಪತ್ತು ಪ್ರತಿ ತೆಗೆಸಿಟ್ಟುಕೊಳ್ಳಿ. ಎಲ್ಲರೂ ಕೇಳುತ್ತಾರೆ, ಯಾರೂ ವಾಪಸ್ ಕೊಡುವುದಿಲ್ಲ.

ಹಕ್ಕುಸ್ವಾಮ್ಯದ ಫಾರಂ ಮಾತ್ರ ಒಂದು ತಮಾಷೆ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಸ್ಟೇಜಿನ ಮೇಲೆ ನೇರವಾಗಿ ಹಾಡುವುದಕ್ಕೆ ಮೊದಲನೆಯದು ಬೇಕು. ಬಿಡುವಿನಲ್ಲಿ ಸ್ಪೀಕರ್‌ನಲ್ಲಿ ಯಾವುದೋ ರೆಕಾರ್ಡಿಂಗ್ ಹಾಕುತ್ತೀರಾದರೆ ಎರಡನೆಯದೂ ಬೇಕಾಗಬಹುದು. ನಾವು ಬಿಡುವಿನಲ್ಲಿ ಏನೂ ಹಾಕದೆ ಒಂದು ತಲೆನೋವು ಕಳೆದುಕೊಂಡೆವು. ಫಾರಂನಲ್ಲಿ ‘ಕೃತಿಯ ಹೆಸರು, ರಚನಕಾರರು, ಅವಧಿ’ ಅಂತ ಮೂರು ಕಾಲಂ. ಸಿತಾರ್‌ನವರಿಗೆ ಫೋನ್ ಮಾಡಿದರೆ, “ಅವತ್ತು ಸಂಜೆ ಕೂತಾಗ ಯಾವ ರಾಗ ಬರುತ್ತೋ ಅದು” ಅಂದರು. ಅಷ್ಟನ್ನೇ ಬರೆದು ಕಳಿಸಿದೆ. ಫಾರಂ ತಿರುಗಿ ಬಂತು. ಕೊನೆಗೆ ‘ಸಾಂಪ್ರದಾಯಿಕ ರಾಗ, ಕಲಾವಿದರ ಮನೋಧರ್ಮ’ ಅಂತ ಬರೆದ ಮೇಲೆ ಸಹಿ ಬಿತ್ತು. ಜಾಝ್‌ನವರಿಗೂ ಅದೇ ದಾರಿ ಹಿಡಿಯಲು ಹೋದೆ. ಆದರೆ ಅವರು ನುಡಿಸುವ ಮೂಲ ಧಾಟಿಗೆ ರಚನಕಾರರಿರುತ್ತಾರೆ, ಅದನ್ನು ಹೆಸರು ಸಮೇತ ಬರೆಯಲೇಬೇಕು.

ವಿಮೆಯ ಬಗ್ಗೆ ಒಂದು ಮಾತು. ಯಾರಿಗಾದರೂ ಪೆಟ್ಟಾದರೆ ಕೊಡುವ ವಿಮೆ, ಮಳೆಯಿಂದ ಕಾರ್ಯಕ್ರಮ ರದ್ದಾದರೆ ಕೊಡುವ ವಿಮೆ, ಇವು ಬೇರೆ ಬೇರೆ. ನಾನು ಮೊದಲನೆಯದನ್ನು ತಗೊಂಡು ಎರಡೂ ಆಯಿತು ಅಂದುಕೊಂಡಿದ್ದೆ. ಗೊತ್ತಾದಾಗ ತಡವಾಗಿತ್ತು. ಮೋಡ ಕಾಣಿಸಿದ ಮೇಲೆ ಮಳೆಗೆ ವಿಮೆ ಕೊಡುವವರು ಯಾರು?

ಇಷ್ಟರಲ್ಲಿ ತಂಡಗಳಿಂದ ಬೇಡಿಕೆಯ ಪಟ್ಟಿ ಬರತೊಡಗಿತು. ರಾಕ್ ಬ್ಯಾಂಡಿನ ಹುಡುಗರು ಚಿತ್ರ ಸಮೇತ ಎರಡು ಪುಟ ಕಳಿಸಿದರು: ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಲೈನು, ಎಷ್ಟು ಮಾನಿಟರ್. ಕಾಲಿನಿಂದ ಬಡಿಯುವ ಕಿಕ್ ಡ್ರಮ್ ಒಂದಕ್ಕೇ ಎರಡು ಮೈಕು. ಮೃದಂಗ ವಿದ್ವಾಂಸರು ಕಳಿಸಿದ್ದು ಒಂದೇ ಸಾಲು: ‘ಎರಡು ಮೈಕು, ಗಾಳಿ ಬೀಸದ ಜಾಗ.’ ಪಟ್ಟಿ ಚಿಕ್ಕದಿದ್ದಷ್ಟೂ ಒಳಗಿನ ವಿಷಯ ದೊಡ್ಡದು ಅಂತ ಆಗ ತಿಳಿಯಲಿಲ್ಲ.

ಜಗಳ ಆದದ್ದು ಸರದಿಯ ಮೇಲೆ. ಸಿತಾರ್‌ನವರು ಡ್ರಮ್ಸ್ ಆದ ಮೇಲೆ ತಾವು ಕೂರುವುದಿಲ್ಲ ಅಂದರು. ಮೊದಲು ಅದು ಹಟ ಅನ್ನಿಸಿತು. ಆಮೇಲೆ ಅವರೇ ಹೇಳಿದರು, 1967ರಲ್ಲಿ ಅಮೆರಿಕದ ಮಾಂಟೆರೆ ಪಾಪ್ ಉತ್ಸವದಲ್ಲಿ ಸಿತಾರ್ ವಾದಕ ರವಿಶಂಕರ್ ಅವರಿಗೆ ಭಾನುವಾರದ ಮಧ್ಯಾಹ್ನವನ್ನೇ ಪೂರ್ತಿ ಬಿಟ್ಟುಕೊಟ್ಟಿದ್ದರು, ಹಿಂದೆ ಮುಂದೆ ಯಾವ ರಾಕ್ ತಂಡವೂ ಇರಲಿಲ್ಲ ಅಂತ. ಕಾರಣ ಸರಳ. ಕಿವಿ ಒಮ್ಮೆ ದೊಡ್ಡ ಸದ್ದಿಗೆ ಒಗ್ಗಿಬಿಟ್ಟರೆ ಮೆಲ್ಲನೆಯ ಮೀಂಡು (ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದು) ಕೇಳಿಸುವುದೇ ಇಲ್ಲ. ಕೊನೆಗೆ ಮೆಲ್ಲಗಿನವರು ಮೊದಲು, ಗಟ್ಟಿಯವರು ಕೊನೆಗೆ ಅಂತ ಸರದಿ ಮಾಡಿದೆವು. ಹೆಸರಿನ ದೊಡ್ಡಸ್ತಿಕೆ ನೋಡಿ ಸರದಿ ಮಾಡಲು ಹೋಗಿ ಎರಡು ವಾರ ಎಲ್ಲರ ಮುನಿಸು ಕಟ್ಟಿಕೊಂಡಿದ್ದೆ. ಸದ್ದಿನ ಲೆಕ್ಕ ಹೇಳಿದ ಮೇಲೆ ಯಾರೂ ತಕರಾರು ಎತ್ತಲಿಲ್ಲ.

ಸಮಾಪನದ ಶ್ರುತಿ ಇನ್ನೊಂದು ಪಂಚಾಯ್ತಿ. ಗಾಯಕಿಯ ಶ್ರುತಿ ಬೇರೆ, ಸಿತಾರ್‌ನದು ಬೇರೆ, ಸ್ಯಾಕ್ಸೊಫೋನ್ 440 ಹರ್ಟ್ಜ್ (ಪಾಶ್ಚಾತ್ಯ ವಾದ್ಯಗಳ ಸಾಮಾನ್ಯ ಶ್ರುತಿ ಅಳತೆ) ಲೆಕ್ಕಕ್ಕೆ ತಯಾರಾದ ಲೋಹದ ಕೊಳವೆ, ಅದನ್ನು ತುಸು ಮೇಲೆ ಕೆಳಗೆ ಮಾಡಬಹುದೇ ಹೊರತು ಬೇರೆ ಮನೆಗೆ ಎಳೆಯಲು ಆಗದು. ಹಾರ್ಮೋನಿಯಂನ ಬಿಳಿ ಎರಡು, ಅಂದರೆ ಪಾಶ್ಚಾತ್ಯರ ಡಿ ಸ್ವರ, ಎಲ್ಲರೂ ಒಪ್ಪಿದ ಶ್ರುತಿ. ಗಿಟಾರ್‌ಗೆ ಅದು ಬಲು ಸಲೀಸು, ಸಿತಾರ್‌ಗೆ ಹತ್ತಿರ. ಗೊಣಗಿದ್ದು ಸ್ಯಾಕ್ಸೊಫೋನಿನವರೊಬ್ಬರೇ: ಅವರ ಟೆನರ್ ಸ್ಯಾಕ್ಸ್‌ನಲ್ಲಿ ನಮ್ಮ ಡಿ ಅಂದರೆ ಇ, ನಾಲ್ಕು ಶಾರ್ಪ್ (ಅರ್ಧ ಮನೆ ಏರಿಸಿ ನುಡಿಸಬೇಕಾದ ಸ್ವರಗಳು). “ಆಗಲಿ, ಬೆರಳಿಗೆ ವ್ಯಾಯಾಮ” ಅಂದರು. ತಾಳದ ವಿಷಯದಲ್ಲಿ ಜಗಳವೇ ಆಗಲಿಲ್ಲ. ಆದಿತಾಳದ ಎಂಟೆಣಿಕೆಯ ಒಂದು ಆವರ್ತ ಡ್ರಮ್ಸ್ ಹುಡುಗನಿಗೆ ನಾಲ್ಕೆಣಿಕೆಯ ಎರಡು ಬಾರ್. ಅಭ್ಯಾಸದ ದಿನ ಮೃದಂಗದವರು ಕೊಟ್ಟ ಮುಕ್ತಾಯಕ್ಕೆ ಅವನು ಮೂರು ಸಲ ಎಡವಿ, ನಾಲ್ಕನೇ ಸಲ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ಬಿದ್ದ. “ಬಂದ್ಯಲ್ಲಪ್ಪ!” ಅಂದರು. ಆ ಹುಡುಗನ ಮುಖ ನೋಡಬೇಕಿತ್ತು.

ಹಿಂದಿನ ದಿನ ಜನರೇಟರ್ ಹಚ್ಚಿದಾಗ ಸ್ಪೀಕರ್‌ನಿಂದ ‘ಊಂ’ ಅಂತ ಒಂದೇ ಸಮನೆ ಸದ್ದು. ಲೈಟು ಸೌಂಡು ಎರಡಕ್ಕೂ ಒಂದೇ ಜನರೇಟರ್ ಸಾಕು ಅಂತ ನಾನು ದುಡ್ಡು ಉಳಿಸಿದ್ದೆ. ಲೈಟಿನ ಬೆಳಕು ಏರಿಳಿಸುವ ಡಿಮ್ಮರ್‌ಗಳ ಗಲಾಟೆ ನೇರ ಸೌಂಡ್ ಲೈನಿಗೆ ನುಗ್ಗುತ್ತಿತ್ತು. ಅಲ್ಲಿದ್ದ ಕೆಲಸದವನೊಬ್ಬ ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೆ ಸದ್ದು ಹೋಗುತ್ತದೆ ಅಂದ. ಸದ್ದೇನೋ ಹೋಗುತ್ತದೆ, ಜೊತೆಗೆ ಮೈಕಿಗೆ ತುಟಿ ತಾಗಿಸಿದ ಹಾಡುಗಾರನ ಜೀವವೂ ಹೋಗಬಹುದು. ದಯವಿಟ್ಟು ಯಾರು ಹೇಳಿದರೂ ಅರ್ಥ್ ಪಿನ್ ಮುಟ್ಟಗೊಡಬೇಡಿ. ಡಿಐ ಬಾಕ್ಸಿನಲ್ಲಿ (ವಾದ್ಯವನ್ನು ಸೌಂಡ್ ಲೈನಿಗೆ ಸೇರಿಸುವ ಡಬ್ಬಿ) ಆಡಿಯೊ ಲೈನಿನ ಗ್ರೌಂಡ್ ಬಿಡಿಸುವ ಸ್ವಿಚ್ಚು ಇರುತ್ತದೆ, ಅದು ಬೇರೆ ವಿಷಯ. ನಾವು ಸಂಜೆ ಆರಕ್ಕೆ ಓಡಾಡಿ ಲೈಟಿಗೆ ಎರಡನೇ ಜನರೇಟರ್ ತರಿಸಿದೆವು. ಕೊನೇ ಗಳಿಗೆಯಲ್ಲಿ ತರಿಸಿದ್ದಕ್ಕೆ ಬಾಡಿಗೆ ಒಂದೂವರೆ ಪಟ್ಟು.

ಖರ್ಚಿನ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಪುಸ್ತಕದಲ್ಲಿ ನೂರಕ್ಕೆ ನಲವತ್ತು ಪಾಲು ಸೌಂಡು, ಸ್ಟೇಜು, ಲೈಟಿಗೆ ಹೋಗಿದೆ. ಕಲಾವಿದರಿಗೆ ಕೊಟ್ಟದ್ದು ಮೂವತ್ತಕ್ಕೂ ಕಡಿಮೆ, ಹೇಳಲು ನಾಚಿಕೆಯಾಗುತ್ತದೆ. ಮೊದಲ ಅಂದಾಜಿನಲ್ಲಿ ಹೆಸರೇ ಇಲ್ಲದಿದ್ದವು: ರಾತ್ರಿ ಸಾಮಾನು ಕಾಯುವವರು, ತಾತ್ಕಾಲಿಕ ಶೌಚಾಲಯ, ಕೇಬಲ್ ಮೇಲೆ ಹಾಕುವ ರಬ್ಬರ್ ಹಾಸು, ಉಪಕರಣ ಮುಚ್ಚುವ ತಾಡಪಾಲು, ಕಸ.

ಕಾರ್ಯಕ್ರಮದ ದಿನ. ಸೌಂಡ್ ಚೆಕ್ಕನ್ನು ಸರದಿಗೆ ಉಲ್ಟಾ ಮಾಡಿದೆವು: ಕೊನೆಗೆ ನುಡಿಸುವ ರಾಕ್‌ನವರು ಮೊದಲು, ಮೊದಲು ಹಾಡುವ ವೃಂದಗಾನದವರು ಕೊನೆಗೆ. ಆಗ ಚೆಕ್ ಮುಗಿದಾಗ ಸ್ಟೇಜು ಮೊದಲ ತಂಡಕ್ಕೆ ಸಿದ್ಧವಾಗಿಯೇ ಇರುತ್ತದೆ. ಹಿಂದೆ ಕೂತವರಿಗಾಗಿ ಸ್ಟೇಜಿನಿಂದ ಸುಮಾರು 50 ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದ್ದರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ತಂತಿಯಲ್ಲಿ ಮಾತ್ರ ಕ್ಷಣಾರ್ಧ. ಹಾಗಾಗಿ ಹಿಂದಿನ ಸ್ಪೀಕರ್‌ಗೆ ಸೆಕೆಂಡಿನ ಏಳನೇ ಒಂದು ಭಾಗದಷ್ಟು ತಡ ಕೊಡಬೇಕು. ಕೊಡುವ ಮೊದಲು ಹಿಂದೆ ಹೋಗಿ ನಿಂತಿದ್ದೆ: ಘಟದ ಒಂದು ಪೆಟ್ಟು ಎರಡಾಗಿ ಕೇಳಿ, ಪಾಪ, ಆ ಕಲಾವಿದರು ತಾಳ ತಪ್ಪಿದ ಹಾಗೆ ಇತ್ತು.

ವೃಂದಗಾನ ಸಲೀಸಾಗಿ ಹೋಯಿತು. ಸಿತಾರ್ ಹಾಗಾಗಲಿಲ್ಲ. ಇಳಿಬಿಸಿಲು ನೇರ ಸ್ಟೇಜಿನ ಮೇಲೆ. ಬಿಸಿಗೆ ತಂತಿ ಸಡಿಲಾಗಿ ಸಿತಾರ್ ಶ್ರುತಿ ಇಳಿಯುತ್ತಿದೆ, ಅದೇ ಬಿಸಿಗೆ ಚರ್ಮ ಬಿಗಿದು ತಬಲಾ ಏರುತ್ತಿದೆ. ಒಬ್ಬರು ಬಿರಡೆ ತಿರುಗಿಸುತ್ತಾರೆ, ಇನ್ನೊಬ್ಬರು ಸುತ್ತಿಗೆ ಹಿಡಿದು ಗಟ್ಟೆಗಳನ್ನು ಮೇಲಕ್ಕೆ ತಟ್ಟುತ್ತಾರೆ, ಅಷ್ಟರಲ್ಲಿ ಮತ್ತೆ ತಂತಿ ಇಳಿದಿರುತ್ತದೆ. ಕೆಳಗೆ ತಾವಾಗಿ ಮಿಡಿಯುವ ತರಫ್ ತಂತಿಗಳೇ ಹನ್ನೊಂದೋ ಹದಿಮೂರೋ. ಆರು ನಿಮಿಷ ಆಯಿತು. ಜನ ಸುಮ್ಮನೆ ಕಾದರು, ಶ್ರುತಿ ಕೂಡಿದಾಗ ಒಂದು ಮೂಲೆಯಿಂದ ಚಪ್ಪಾಳೆಯೂ ಬಂತು. 1971ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆದ ಕಾರ್ಯಕ್ರಮದಲ್ಲೂ ಶ್ರುತಿ ಮಾಡಿದ್ದಕ್ಕೇ ಚಪ್ಪಾಳೆ ಬಿದ್ದಿತ್ತು. ಇದೇ ಇಷ್ಟವಾದರೆ ಮುಂದಿನದು ಇನ್ನೂ ಇಷ್ಟವಾದೀತು ಅನ್ನುವ ಅರ್ಥದಲ್ಲಿ ರವಿಶಂಕರ್ ಹೇಳಿದ್ದರು. ಆದರೆ ನಮ್ಮಲ್ಲಿ ಇದು ನನ್ನ ತಪ್ಪು. ಸ್ಟೇಜನ್ನು ಪಶ್ಚಿಮಕ್ಕೆ ಮುಖ ಮಾಡಿಸಿದ್ದು ನಾನೇ, ನಕ್ಷೆ ಚೆಂದ ಕಾಣುತ್ತದೆ ಅಂತ. ಸಂಜೆ ಕಾರ್ಯಕ್ರಮವಾದರೆ ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ.

ಕರ್ನಾಟಕ ಗಾಯನ ಶುರುವಾಗಿ ಎರಡು ನಿಮಿಷ ಪಿಟೀಲೇ ಕೇಳಿಸಲಿಲ್ಲ. ಪಿಟೀಲಿನವರ ಬಿಲ್ಲು ಆಡುತ್ತಿದೆ, ಮುಖದಲ್ಲಿ ಭಾವ ಇದೆ, ಸದ್ದಿಲ್ಲ. ಹಲಗೆಯ ಕೆಳಗೆ ತೆವಳಿಕೊಂಡು ಹೋಗಿ ನೋಡಿದರೆ ಲೈನಿಗೆ ಅಂಟಿಸಿದ ಟೇಪಿನ ಮೇಲೆ ನಾನೇ ಅವಸರದಲ್ಲಿ ಬರೆದ 17 ಯಾರ ಕಣ್ಣಿಗೋ 11 ಆಗಿದೆ. ಆ ಮೈಕು ಕೆಲಸ ಮಾಡಲು ಬೇಕಾದ 48 ವೋಲ್ಟ್ ಇನ್ನೆಲ್ಲಿಗೋ ಹೋಗುತ್ತಿದೆ. ಲೈವ್ ಏಡ್‌ನಲ್ಲಿ ಗಾಯಕ ಪಾಲ್ ಮೆಕಾರ್ಟ್ನಿಯವರ ಮೈಕೂ ಮೊದಲೆರಡು ನಿಮಿಷ ಸತ್ತಿತ್ತು ಅಂತ ಎಂಜಿನಿಯರ್ ಸಮಾಧಾನ ಹೇಳಿದರು. ಆಗ ಅದು ಸಮಾಧಾನ ಅನ್ನಿಸಲಿಲ್ಲ. ಟೇಪಿನ ಮೇಲೆ ಅಂಕಿ ಬರೆಯಬೇಡಿ, ‘ಪಿಟೀಲು’ ಅಂತಲೇ ಬರೆಯಿರಿ.

ಮೃದಂಗದವರು ‘ಗಾಳಿ ಬೀಸದ ಜಾಗ’ ಯಾಕೆ ಕೇಳಿದ್ದರು ಅಂತ ಆ ಹೊತ್ತಿಗೆ ತಿಳಿಯಿತು. ಎಡಮುಖಕ್ಕೆ ಮೆತ್ತಿದ ರವೆಯ ಮುದ್ದೆ ಗಾಳಿಗೆ ಒಣಗಿ ಅಂಚಿನಿಂದ ಬಿಡುತ್ತಿತ್ತು. ಗುಂಕಾರವೇ ಇಲ್ಲ. ಒಂದು ಕೃತಿ ಮುಗಿದ ಕೂಡಲೇ ಅವರು ಬೆರಳು ಒದ್ದೆ ಮಾಡಿಕೊಂಡು ಅದನ್ನು ಸವರಿ, ಒತ್ತಿ, ಒಮ್ಮೆ ಬಾರಿಸಿ, ಮತ್ತೆ ಸವರಿದರು. ಹತ್ತು ಸೆಕೆಂಡಿನ ಕೆಲಸ. ನಾನು ಎರಡು ತಟ್ಟಿಯನ್ನು ಮರೆಗಿಟ್ಟಿದ್ದರೆ ಅದೂ ಬೇಕಿರಲಿಲ್ಲ.

ಜನಪದ ತಂಡದ ಜೋಡಣೆ ನಡೆಯುತ್ತಿದ್ದಾಗ ದೂರದಲ್ಲಿ ಮಿಂಚು. ಸೆಕೆಂಡು ಎಣಿಸಿದೆವು. ಇಪ್ಪತ್ತೈದಕ್ಕೆ ಗುಡುಗು ಕೇಳಿಸಿತು, ಅಂದರೆ ಎಂಟೂವರೆ ಕಿಲೋಮೀಟರ್ ಆಚೆ. ನಿಯಮ ಮೊದಲೇ ಬರೆದಿಟ್ಟಿದ್ದೆವು: ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ನಿಲ್ಲಿಸಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮೇಲೆ ಒಂದು ಹನಿ ಇಲ್ಲ, ಜನ ಕೂಗುತ್ತಿದ್ದಾರೆ, ನಮ್ಮವರೇ “ಇಷ್ಟಕ್ಕೆಲ್ಲ ನಿಲ್ಲಿಸಬೇಕಾ?” ಅನ್ನುತ್ತಿದ್ದಾರೆ. ಬರೆದಿಟ್ಟಿದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಆ ಗಲಾಟೆಯಲ್ಲಿ ನಾನೂ ಸೋಲುತ್ತಿದ್ದೆ. ಜನರನ್ನು ಪಕ್ಕದ ಕಟ್ಟಡಕ್ಕೆ ಕಳಿಸಿದೆವು, ಕರೆಂಟ್ ಆರಿಸಿದೆವು, ಸ್ಟೇಜಿನ ಹಿಂದಿನ ದೊಡ್ಡ ಬ್ಯಾನರನ್ನು ಬಿಚ್ಚಿ ಇಳಿಸಿದೆವು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬ್ಯಾನರ್ ಅಂದರೆ ಹಡಗಿನ ಹಾಯಿ ಇದ್ದ ಹಾಗೆ. ಮತ್ತೆ ಗುಡುಗಲಿಲ್ಲ. ಹೋದದ್ದು 35 ನಿಮಿಷ.

ಕೈಯಲ್ಲಿದ್ದ ಇಪ್ಪತ್ತರಲ್ಲಿ ಆರು ಸಿತಾರ್ ಶ್ರುತಿಗೆ ಹೋಗಿತ್ತು. ಉಳಿದ ಸಾಲ ಎಲ್ಲಿಂದ ತೀರಿಸುವುದು? ಜನಪದ ತಂಡದ ಹಿರಿಯರ ಹತ್ತಿರ ಹೋಗಿ ಕೈಮುಗಿದೆ. “ಐದು ನಿಮಿಷ ತಾನೇ, ಒಂದು ಪದ ಬಿಟ್ರಾಯ್ತು ಬಿಡಪ್ಪ” ಅಂದರು. ಜಾಝ್‌ನವರು ಎಂಟು ನಿಮಿಷ ಬಿಟ್ಟುಕೊಟ್ಟರು. ಉಳಿದದ್ದನ್ನು ಸಮಾಪನದಿಂದ ಕತ್ತರಿಸಬೇಕಾಯಿತು.

ರಾಕ್ ನಡೆಯುತ್ತಿದ್ದಾಗ ಪೊಲೀಸರೊಬ್ಬರು ಬಂದರು. ದೂರದ ಬಡಾವಣೆಯಿಂದ ದೂರು. ಮಧ್ಯಾಹ್ನ ಅದೇ ಜಾಗದಲ್ಲಿ ನಿಂತು ಕೇಳಿದ್ದೆ, ಏನೂ ಇರಲಿಲ್ಲ. ಹಗಲು ನೆಲ ಕಾದಿರುವಾಗ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ, ರಾತ್ರಿ ನೆಲ ತಣ್ಣಗಾದ ಮೇಲೆ ಕೆಳಕ್ಕೆ ಬಾಗಿ ದೂರದ ಮನೆಗಳ ಮೇಲೆ ಇಳಿಯುತ್ತದೆ. ಇದು ಎಂಜಿನಿಯರ್‌ಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ. ಅವರು ಬರೀ ಕೆಳಸ್ತರದ, ಅಂದರೆ ಬೇಸ್ ಸದ್ದನ್ನು ತಗ್ಗಿಸಿದರು. ಬಡಾವಣೆಗೆ ನೆಮ್ಮದಿ, ಎದುರಿಗೆ ಕುಣಿಯುತ್ತಿದ್ದವರಿಗೆ ತಿಳಿಯಲೂ ಇಲ್ಲ.

ಸಮಾಪನಕ್ಕೆ ಸಿಕ್ಕಿದ್ದು ಹನ್ನೊಂದು ನಿಮಿಷ. ಮೃದಂಗದ ಆ ಮುಕ್ತಾಯ ಬಂದಾಗ ನಾನು ಗಡಿಯಾರ ನೋಡುತ್ತಿದ್ದೆ, ಸ್ಟೇಜು ನೋಡಲಿಲ್ಲ. ಡ್ರಮ್ಸ್ ಹುಡುಗ ಸಮಕ್ಕೆ ಬಿದ್ದದ್ದು ಜನರ ಕೂಗಿನಿಂದ ಗೊತ್ತಾಯಿತು. 9 ಗಂಟೆ 58 ನಿಮಿಷಕ್ಕೆ ಸ್ಪೀಕರ್ ಆಫ್.

ಮೈದಾನದ ಠೇವಣಿ ಇನ್ನೂ ಬಂದಿಲ್ಲ. ಗೂಟ ಬಡಿದ ಹದಿನಾಲ್ಕು ಗುಂಡಿ ಮುಚ್ಚಿ ಫೋಟೊ ಕಳಿಸಿ ಅಂದಿದ್ದಾರೆ, ಅದರಲ್ಲಿ ಮೂರು ನಾವು ಬರುವ ಮೊದಲೇ ಇದ್ದವು. ಮೊದಲ ದಿನವೇ ನೆಲದ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ, ನಾಳೆ ಬೆಳಿಗ್ಗೆ ಹದಿನಾಲ್ಕಕ್ಕೂ ಮಣ್ಣು ಹಾಕಿಸಬೇಕು.